ಹಕ್ಕಿಯ ಕಾಲು, ಮನುಷ್ಯನ ಬೂಟು

1843ರ ಜನವರಿ 6ರಂದು ಅಂಟಾರ್ಕ್ಟಿಕಾ ಪರ್ಯಾಯ ದ್ವೀಪದ ಪೂರ್ವಕ್ಕಿರುವ ಕೋಬರ್ನ್ ಎಂಬ ಪುಟ್ಟ ದ್ವೀಪದಲ್ಲಿ ಬ್ರಿಟಿಷ್ ನೌಕಾಪಡೆಯ ಕೆಲವರು ಇಳಿದರು. ನಾಯಕ ಜೇಮ್ಸ್ ಕ್ಲಾರ್ಕ್ ರಾಸ್‌ಗೆ ಬೇಕಾಗಿದ್ದದ್ದು ಭೂಕಾಂತದ ಅಳತೆ ಮತ್ತು ಹೊಸ ನೆಲಕ್ಕೊಂದು ಬಾವುಟ. ಆದರೆ ಅವನ ಹಡಗಿನಲ್ಲಿ ಸಹಾಯಕ ವೈದ್ಯನ ಹುದ್ದೆಯಲ್ಲಿದ್ದ ಇಪ್ಪತ್ತೈದರ ಹುಡುಗನೊಬ್ಬನಿಗೆ ಬಾವುಟದಲ್ಲಿ ಅಂಥ ಆಸಕ್ತಿ ಇರಲಿಲ್ಲ. ಅವನು ಬಂಡೆಗಳ ಸಂದಿಯಲ್ಲಿ ಕೈಹಾಕಿ ಶೈವಲ, ಹಾವಸೆ, ಕಲ್ಲುಹೂವು ಕೀಳುತ್ತಿದ್ದ. ಅವನ ಹೆಸರು ಜೋಸೆಫ್ ಡಾಲ್ಟನ್ ಹೂಕರ್. ಮುಂದೆ ಹಿಮಾಲಯ ಸುತ್ತಿ, ಏಳು ಸಂಪುಟಗಳ 'ಫ್ಲೋರಾ ಆಫ್ ಬ್ರಿಟಿಷ್ ಇಂಡಿಯಾ' ಸಂಪಾದಿಸಿದವನು ಇವನೇ. ನಮ್ಮ ಸಹ್ಯಾದ್ರಿಯ ಗಿಡಗಳ ವೈಜ್ಞಾನಿಕ ಹೆಸರು ಹುಡುಕುವವರು ಇಂದಿಗೂ ಆ ಸಂಪುಟಗಳನ್ನು ತೆರೆಯುತ್ತಾರೆ.

ಕಲ್ಲುಹೂವು ಎಂದರೆ ನಮಗೆ ಮಸಾಲೆ ಡಬ್ಬಿ ನೆನಪಾಗುತ್ತದೆ. ಪುಣೆ, ಮುಂಬಯಿಯ ಕಿರಾಣಿ ಅಂಗಡಿಯಲ್ಲಿ ದಗಡ್‌ಫೂಲ್ ಎಂದು ಕೇಳಿದರೆ ಕೊಡುವುದೂ ಅದನ್ನೇ. ಹೆಸರಿಗೆ ಹೂವು, ಆದರೆ ಅದು ಹೂವಲ್ಲ, ಗಿಡವೂ ಅಲ್ಲ. ಒಂದು ಶಿಲೀಂಧ್ರವೂ ಒಂದು ಶೈವಲವೂ ಒಟ್ಟಿಗೆ ಹೂಡಿದ ಸಂಸಾರ. ಶಿಲೀಂಧ್ರ ಮನೆ ಕಟ್ಟಿ ನೀರು ಹಿಡಿದಿಡುತ್ತದೆ, ಶೈವಲ ಬಿಸಿಲಿನಿಂದ ಅಡುಗೆ ಮಾಡುತ್ತದೆ. ನಮ್ಮ ಸಾರಿಗೆ ಬೀಳುವ ಜಾತಿ ಬೇರೆ, ಕೋಬರ್ನ್ ದ್ವೀಪದ ಬಂಡೆ ಹಿಡಿದು ಕೂತದ್ದು ಬೇರೆ. ಕುಲ ಒಂದೇ.

ಹೂಕರ್‌ಗಿಂತ ಮೊದಲೇ, 1829ರಿಂದ 31ರ ನಡುವೆ, ಅಮೆರಿಕದ ಜೇಮ್ಸ್ ಏಟ್ಸ್ ಎಂಬಾತ ಸೀಲ್ ಬೇಟೆಗಾರರ ಹಡಗಿನಲ್ಲಿ ದಕ್ಷಿಣ ಶೆಟ್ಲೆಂಡ್ ದ್ವೀಪಗಳಿಗೆ ಹೋಗಿ, ಅಲ್ಲಿ ಹುಲ್ಲು ಬೆಳೆಯುವುದನ್ನು ಕಂಡಿದ್ದ. ಕಲ್ಲಾಗಿ ಹೋದ ಮರದ ತುಂಡೊಂದನ್ನೂ ಅವನು ಕಂಡ. ಹಿಮದ ನಾಡಿನಲ್ಲಿ ಹುಲ್ಲು, ಹಿಮದ ನಾಡಿನಲ್ಲಿ ಮರದ ಕಲ್ಲು! ಈ ಎರಡು ಸಂಗತಿಗಳನ್ನು ಅರ್ಥ ಮಾಡಿಕೊಳ್ಳಲು ವಿಜ್ಞಾನಕ್ಕೆ ನೂರು ವರ್ಷ ಮೀರಿ ಬೇಕಾಯಿತು. ಒಂದು ಅರ್ಥದಲ್ಲಿ ಆ ಕೆಲಸ ಇನ್ನೂ ಮುಗಿದಿಲ್ಲ.

ಹೂಕರ್‌ನನ್ನು ಕಾಡಿದ್ದು ಸರಳ ಪ್ರಶ್ನೆ. ದಕ್ಷಿಣ ಅಮೆರಿಕದ ತುದಿ, ನ್ಯೂಜಿಲೆಂಡ್, ಟ್ಯಾಸ್ಮೇನಿಯಾ, ನಡುಗಡಲಿನ ಕೆರ್ಗೆಲೆನ್ ದ್ವೀಪ, ಇವುಗಳ ನಡುವೆ ಸಾವಿರಾರು ಮೈಲಿ ನೀರಿದೆ. ಆದರೂ ಗಿಡಗಳಲ್ಲಿ ಅಣ್ಣತಮ್ಮಂದಿರ ಹೋಲಿಕೆ. ಇವು ಅಲ್ಲಿಗೆ ಹೋದದ್ದು ಹೇಗೆ? ಒಂದು ಕಾಲಕ್ಕೆ ಇವೆಲ್ಲ ಸೇರಿದ್ದ ದೊಡ್ಡ ನೆಲವೇ ಇದ್ದು, ಅದು ಮುಳುಗಿ ಹೋಗಿರಬೇಕು ಎಂದು ಹೂಕರ್ ತರ್ಕಿಸಿದ. ಅವನ ಆಪ್ತ ಗೆಳೆಯ ಚಾರ್ಲ್ಸ್ ಡಾರ್ವಿನ್ ಒಪ್ಪಲಿಲ್ಲ. ಒಂದೊಂದು ಗಿಡದ ಹೋಲಿಕೆಗೂ ಒಂದೊಂದು ಖಂಡವನ್ನು ಏಳಿಸಿ ಮುಳುಗಿಸುವುದು ಅವನಿಗೆ ದುಬಾರಿ ಕಲ್ಪನೆ ಎನಿಸಿತು. ಬೀಜಗಳು ತಾವೇ ಪ್ರಯಾಣ ಮಾಡುತ್ತವೆ ಎಂಬುದು ಅವನ ಪಕ್ಷ.

ಪಕ್ಷ ಹಿಡಿದು ಸುಮ್ಮನಿರುವ ಜಾಯಮಾನ ಡಾರ್ವಿನ್‌ನದಲ್ಲ. ಮನೆಯಲ್ಲೇ ಉಪ್ಪುನೀರಿನ ಜಾಡಿಗಳಲ್ಲಿ ಬೀಜ ನೆನೆಹಾಕಿದ. 87 ಬಗೆಯ ಬೀಜಗಳಲ್ಲಿ 64 ಬಗೆಯವು 28 ದಿನ ಉಪ್ಪುನೀರಿನಲ್ಲಿದ್ದ ಮೇಲೂ ಮೊಳೆತವು. ಕೊಳದಂಚಿನ ಕೆಸರನ್ನು ಮೂರು ಚಮಚದಷ್ಟು ತಂದು ಕೋಣೆಯಲ್ಲಿ ಮುಚ್ಚಿಟ್ಟು, ಆರು ತಿಂಗಳಲ್ಲಿ ಎದ್ದ ಸಸಿಗಳನ್ನು ಒಂದೊಂದಾಗಿ ಕಿತ್ತು ಎಣಿಸಿದ. ಲೆಕ್ಕಕ್ಕೆ ಸಿಕ್ಕಿದ್ದು 537. ಅಷ್ಟೂ ಒಂದು ದೊಡ್ಡ ಬಟ್ಟಲಲ್ಲಿ ಹಿಡಿಯುವಷ್ಟು ಕೆಸರಿನಿಂದ! ಅವನ ಮುಖ್ಯ ಗ್ರಂಥದ ನಂತರದ ಆವೃತ್ತಿಗಳಲ್ಲಿ ಇನ್ನೊಂದು ಲೆಕ್ಕ ಸೇರಿತು. ಗಾಯಗೊಂಡ ಕವುಜುಗ ಜಾತಿಯ ಹಕ್ಕಿಯೊಂದರ ಕಾಲಿಗೆ ಗಟ್ಟಿಯಾಗಿ ಮೆತ್ತಿದ್ದ ಮಣ್ಣಿನುಂಡೆಯನ್ನು ಮೂರು ವರ್ಷ ಒಣಗಿಸಿಟ್ಟು ಆಮೇಲೆ ನೀರು ಹಾಕಿದಾಗ 82 ಸಸಿಗಳು ಎದ್ದಿದ್ದವು.

ಈ ಹಕ್ಕಿಯ ಕಾಲನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಧ್ರುವದ ನೆಲಕ್ಕೆ ಜೀವ ಹೇಗೆ ಬಂತು, ಹೇಗೆ ಬರುತ್ತಿದೆ ಎಂಬ ಚರ್ಚೆ ಇವತ್ತಿಗೂ ಆ ಕಾಲಿನ ಸುತ್ತಲೇ ತಿರುಗುತ್ತಿದೆ.

ಹಾಗೆಂದು ಹೂಕರ್‌ನನ್ನು ಸೋತವನೆಂದು ಬದಿಗಿಡುವಂತಿಲ್ಲ. 1912ರ ನವೆಂಬರ್‌ನಲ್ಲಿ ರಾಬರ್ಟ್ ಫಾಲ್ಕನ್ ಸ್ಕಾಟ್ ಮತ್ತು ಇಬ್ಬರು ಸಂಗಾತಿಗಳ ಶವಗಳು ಗುಡಾರದಲ್ಲಿ ಸಿಕ್ಕಾಗ, ಪಕ್ಕದಲ್ಲೇ ಸುಮಾರು 16 ಕಿಲೋ ಕಲ್ಲುಗಳಿದ್ದವು. ದಕ್ಷಿಣ ಧ್ರುವದಿಂದ ಮರಳುವ ದಾರಿಯಲ್ಲಿ, ಹಸಿವಿನಿಂದ ಸಾಯುತ್ತಿದ್ದಾಗಲೂ ಅವರು ಎಳೆದು ತಂದಿದ್ದ ಕಲ್ಲುಗಳು. ಅವುಗಳಲ್ಲಿ ಎಲೆಗಳ ಅಚ್ಚಿತ್ತು. ಸಸ್ಯವಿಜ್ಞಾನಿ ಆಲ್ಬರ್ಟ್ ಸೀವಾರ್ಡ್ 1914ರಲ್ಲಿ ಅದನ್ನು ಗ್ಲಾಸಾಪ್ಟೆರಿಸ್ ಇಂಡಿಕಾ ಎಂದು ಗುರುತಿಸಿದ. ಹೆಸರಿನಲ್ಲೇ ಇಂಡಿಕಾ ಇದೆ, ಗಮನಿಸಿ. ದಾಮೋದರ ಕಣಿವೆಯ ಕಲ್ಲಿದ್ದಲ ಗಣಿಗಳಲ್ಲಿ ಸಿಗುವ, ನಾಲಿಗೆಯಾಕಾರದ ಅದೇ ಎಲೆ. 25 ಕೋಟಿ ವರ್ಷಕ್ಕೂ ಹಿಂದೆ ಭಾರತ, ಅಂಟಾರ್ಕ್ಟಿಕಾ, ಆಫ್ರಿಕಾ, ಆಸ್ಟ್ರೇಲಿಯಾ, ದಕ್ಷಿಣ ಅಮೆರಿಕ ಒಂದಕ್ಕೊಂದು ಅಂಟಿಕೊಂಡಿದ್ದವು. ಮಧ್ಯ ಭಾರತದ ಗೊಂಡರ ನಾಡಿನ ಹೆಸರೇ ಆ ಮಹಾಖಂಡಕ್ಕೆ ಬಂದಿದೆ: ಗೊಂಡ್ವಾನಾ. ಹೂಕರ್ ಊಹಿಸಿದ ಒಂದೇ ನೆಲ ನಿಜಕ್ಕೂ ಇತ್ತು. ಅದು ಮುಳುಗಿರಲಿಲ್ಲ, ಒಡೆದು ಚದುರಿತ್ತು.

ಅಂದರೆ ಅಂಟಾರ್ಕ್ಟಿಕಾ ಹುಟ್ಟಾ ಬಂಜರಲ್ಲ. ಪಶ್ಚಿಮ ಅಂಟಾರ್ಕ್ಟಿಕಾದ ಸಮುದ್ರತಳ ಕೊರೆದು ತೆಗೆದ ಮಣ್ಣಿನಲ್ಲಿ ಸುಮಾರು 9 ಕೋಟಿ ವರ್ಷ ಹಿಂದಿನ ಕಾಡಿನ ಬೇರುಗಳು ಸಿಕ್ಕ ವರದಿ 2020ರಲ್ಲಿ ಬಂತು. ಸುಮಾರು 3.4 ಕೋಟಿ ವರ್ಷಗಳ ಹಿಂದೆ ಹಿಮ ಖಂಡವನ್ನು ಆವರಿಸತೊಡಗಿತು. ಕಾಡುಗಳು ಅಳಿದವು. ಇಂದು ಖಂಡದ ಶೇಕಡಾ ಅರ್ಧಕ್ಕಿಂತ ಕಡಿಮೆ ನೆಲ ಮಾತ್ರ ಹಿಮವಿಲ್ಲದೆ ಬರಿದಾಗಿ ಕಾಣುತ್ತದೆ. ಗಿಡಗಳ ಚರಿತ್ರೆ ಎಂದರೆ ಬಹುಮಟ್ಟಿಗೆ ಈ ಅರ್ಧ ಪಾಲಿನ ಚರಿತ್ರೆ.

ಅಲ್ಲಿ ಹೂಬಿಡುವ ಸಸ್ಯಗಳು ಎರಡೇ ಎರಡು. ಒಂದು ಡೆಶಾಂಪ್ಸಿಯಾ ಅಂಟಾರ್ಕ್ಟಿಕಾ ಎಂಬ ಹುಲ್ಲು, ಇನ್ನೊಂದು ಕೊಲೊಬ್ಯಾಂಥಸ್ ಎಂಬ, ಸಣ್ಣ ಮೆತ್ತೆಯಂತೆ ನೆಲಕ್ಕೆ ಅಂಟಿ ಬೆಳೆಯುವ ಗಿಡ. ಎರಡೂ ದಕ್ಷಿಣ ಅಮೆರಿಕದಲ್ಲೂ ಇವೆ. ನಡುವೆ ಡ್ರೇಕ್ ಜಲಸಂಧಿ. ಇವು ಅದನ್ನು ದಾಟಿದ್ದು ಹಕ್ಕಿಗಳ ಮೂಲಕ ಎಂಬುದು ಬಹಳ ಮಂದಿ ಒಪ್ಪುವ ವಿವರಣೆ. ಅಲ್ಲಿನ ಕಡಲ ಗಲ್ ಹಕ್ಕಿಗಳು ಇಂದಿಗೂ ಡೆಶಾಂಪ್ಸಿಯಾ ಹುಲ್ಲನ್ನು ಕಿತ್ತು ಒಯ್ದು ಗೂಡು ಕಟ್ಟುತ್ತವೆ. ಗೂಡಿಗೆ ಒಯ್ದ ಹುಲ್ಲು ಅಲ್ಲೇ ಬೇರು ಬಿಡುವುದೂ ಉಂಟು.

ಮಿಕ್ಕಿದ್ದೆಲ್ಲ ಹಾವಸೆ ಮತ್ತು ಕಲ್ಲುಹೂವುಗಳ ರಾಜ್ಯ. ಮಳೆಗಾಲದಲ್ಲಿ ಹಿತ್ತಿಲ ಬಾವಿಕಟ್ಟೆಯ ಮೇಲೆ ನಮ್ಮನ್ನು ಜಾರಿಸುವ ಹಸಿರನ್ನೆಲ್ಲ ನಾವು ಪಾಚಿ ಎಂದುಬಿಡುತ್ತೇವೆ. ಅದರಲ್ಲಿ ಪುಟ್ಟ ಎಲೆಗಳಿರುವ, ಮಖಮಲ್ಲಿನಂಥದ್ದು ಹಾವಸೆ. ಅದಕ್ಕೆ ನಿಜವಾದ ಬೇರಿಲ್ಲ. ಒಣಗಿದರೆ ಸಾಯುವ ಬದಲು ಸುಮ್ಮನೆ ಕಾಯುತ್ತದೆ. ಎಷ್ಟು ಕಾಯಬಲ್ಲದು? ದಕ್ಷಿಣ ಆರ್ಕ್ನಿ ದ್ವೀಪಸಮೂಹದ ಸೈನಿ ದ್ವೀಪದಲ್ಲಿ, ಶಾಶ್ವತವಾಗಿ ಹೆಪ್ಪುಗಟ್ಟಿದ ಹಾವಸೆಯ ದಿಬ್ಬವನ್ನು ಬ್ರಿಟಿಷ್ ವಿಜ್ಞಾನಿಗಳು ಕೊರೆದರು. ಒಂದು ಮೀಟರಿಗೂ ಆಳದ ಪದರವನ್ನು ತಂದು ಬೆಳಕು, ತೇವ ಕೊಟ್ಟಾಗ ಹಾವಸೆ ಚಿಗುರಿತು. ಆ ಪದರದ ವಯಸ್ಸು 1,500 ವರ್ಷಕ್ಕೂ ಹೆಚ್ಚು. 2014ರಲ್ಲಿ ಪ್ರಕಟವಾದ ಈ ಫಲಿತಾಂಶದಿಂದ ತಿಳಿಯುವುದು ಇಷ್ಟು: ನೆಲವೊಂದು ಹಿಮದಿಂದ ಹೊರಬಂದಾಗ ಹಸಿರು ಯಾವಾಗಲೂ ಹೊರಗಿನಿಂದಲೇ ಬರಬೇಕಿಲ್ಲ. ಒಳಗೇ ಕಾದು ಕುಳಿತದ್ದೂ ಎದ್ದೀತು.

ಆದರೆ ಹಾವಸೆಗಿಂತ ಮೊದಲು ಬರುವವರು ಕಣ್ಣಿಗೆ ಕಾಣುವುದಿಲ್ಲ. ಹಿಮನದಿ ಹಿಂದೆ ಸರಿದ ಜಾಗದಲ್ಲಿ ಉಳಿಯುವುದು ಬರೀ ಕಲ್ಲುಪುಡಿ. ಅದರಲ್ಲಿ ಸಾರಜನಕವಿಲ್ಲ, ಸಾವಯವ ಅಂಶವಿಲ್ಲ. ಮೊದಲು ನೆಲೆಸುವುದು ಬ್ಯಾಕ್ಟೀರಿಯಾಗಳು, ಅದರಲ್ಲೂ ನೀಲಿಹಸಿರು ಬ್ಯಾಕ್ಟೀರಿಯಾಗಳು. ಗಾಳಿಯ ಸಾರಜನಕವನ್ನು ಹಿಡಿದು ಕೊಡುವ ವಿದ್ಯೆ ಇವುಗಳಲ್ಲಿ ಹಲವಕ್ಕೆ ಗೊತ್ತು. ಇವು ಸ್ರವಿಸುವ ಲೋಳೆ ಪುಡಿಯನ್ನು ಅಂಟಿಸಿ ಒಂದು ತೆಳು ಹೊರಪದರ ಮಾಡುತ್ತದೆ. ಅದರ ಮೇಲೆ ಹಾವಸೆ, ಆಮೇಲೆ ಎಂದಾದರೂ ಹುಲ್ಲು. ಸಮೀಪದಲ್ಲಿ ಪೆಂಗ್ವಿನ್‌ಗಳಿದ್ದರೆ ಕೆಲಸ ಬೇಗ. ಸಮುದ್ರದ ಸಾರಜನಕವನ್ನು ಹಿಕ್ಕೆಯ ರೂಪದಲ್ಲಿ ನೆಲಕ್ಕೆ ತಂದು ಸುರಿಯುವುದರಲ್ಲಿ ಅವುಗಳನ್ನು ಮೀರಿಸಿದವರಿಲ್ಲ. ತೀರಾ ಹತ್ತಿರವಾದರೆ ಅದೇ ಹಿಕ್ಕೆ, ಅವೇ ಕಾಲ್ತುಳಿತ ಗಿಡವನ್ನು ಕೊಲ್ಲುತ್ತವೆ. ಕೊಟ್ಟಿಗೆ ಗೊಬ್ಬರವನ್ನು ಹಸಿಯಾಗಿ ಬುಡಕ್ಕೆ ಸುರಿಯಬೇಡ ಎಂದು ಹಿರಿಯರು ಹೇಳುವ ಕಾರಣವೇ ಇಲ್ಲಿಯೂ.

ಕಾಣದವರ ಚರಿತ್ರೆಗೆ ಒಂದು ದುಃಖದ ಅಧ್ಯಾಯವೂ ಇದೆ. 1903ರ ಡಿಸೆಂಬರ್‌ನಲ್ಲಿ ಸ್ಕಾಟ್ ತನ್ನ ಮೊದಲ ಯಾತ್ರೆಯಲ್ಲಿ ಹಿಮವೇ ಇಲ್ಲದ ಒಣ ಕಣಿವೆಯೊಂದಕ್ಕೆ ಇಳಿದು, ಅಲ್ಲಿ ಹಾವಸೆ, ಕಲ್ಲುಹೂವು ಕೂಡ ಇಲ್ಲವೆಂದು ಕಂಡು, ಅದನ್ನು ಸತ್ತವರ ಕಣಿವೆಗೆ ಹೋಲಿಸಿದ. ಎಪ್ಪತ್ತು ವರ್ಷ ಆ ಮಾತು ನಿಂತಿತು. ಮಂಗಳ ಗ್ರಹಕ್ಕೆ ನೌಕೆ ಕಳಿಸುವ ಮುನ್ನ ಅಮೆರಿಕದ ವಿಜ್ಞಾನಿಗಳು ಆ ಒಣ ಕಣಿವೆಗಳನ್ನೇ ಮಂಗಳದ ಮಾದರಿ ಎಂದು ಪರೀಕ್ಷಿಸಿದರು. ಕೆಲವು ಮಣ್ಣಿನ ಮಾದರಿಗಳಲ್ಲಿ ಯಾವ ಜೀವಿಯೂ ಬೆಳೆಯಲಿಲ್ಲ. ಇಲ್ಲಿ ಜೀವವಿಲ್ಲ ಎಂದು ಒಂದು ಪಕ್ಷ ತೀರ್ಮಾನಿಸಿತು. ವೂಲ್ಫ್ ವಿಶ್ನಿಯಾಕ್ ಎಂಬ ಸೂಕ್ಷ್ಮಜೀವಿ ವಿಜ್ಞಾನಿ ಒಪ್ಪದೆ, ತಾನೇ ಹೋಗಿ ಹುಡುಕುತ್ತಿದ್ದಾಗ 1973ರ ಡಿಸೆಂಬರ್‌ನಲ್ಲಿ ಆಸ್ಗಾರ್ಡ್ ಪರ್ವತಸಾಲಿನಲ್ಲಿ ಬಿದ್ದು ತೀರಿಕೊಂಡ. ವಯಸ್ಸು 51. ಅವನು ಸಂಗ್ರಹಿಸಿದ್ದ ಕಲ್ಲುಗಳನ್ನು ಅವನ ಪತ್ನಿ ಇಮ್ರೆ ಫ್ರೀಡ್‌ಮನ್ ಎಂಬ ವಿಜ್ಞಾನಿಗೆ ತಲುಪಿಸಿದಳು. ಫ್ರೀಡ್‌ಮನ್ ಮರುಭೂಮಿಯ ಬಂಡೆಗಳ ಒಳಗೆ ಶೈವಲ ಕಂಡಿದ್ದವನು. ಈ ಕಲ್ಲನ್ನೂ ಒಡೆದು ನೋಡಿದ. ಮರಳುಗಲ್ಲಿನ ಮೇಲ್ಮೈಯಿಂದ ಕೆಲವೇ ಮಿಲಿಮೀಟರ್ ಒಳಗೆ ಹಸಿರು ಗೆರೆ! ಫ್ರೀಡ್‌ಮನ್ ಮತ್ತು ಪತ್ನಿ ರೋಸೆಲಿ ಒಕಾಂಪೊ 1976ರಲ್ಲಿ ಇದನ್ನು ಪ್ರಕಟಿಸಿದರು. ಗಾಳಿ, ಚಳಿ ತಡೆಯಲಾರದ ಜೀವಿಗಳು ಕಲ್ಲಿನ ಹರಳುಗಳ ನಡುವಿನ ಸಂದಿಗೆ ಹೊಕ್ಕು, ಅರೆಪಾರದರ್ಶಕ ಹರಳಿನ ಮೂಲಕ ಇಳಿದು ಬರುವ ಬೆಳಕಿನಲ್ಲಿ ಬದುಕುತ್ತಿದ್ದವು. ಸ್ಕಾಟ್ ನಡೆದದ್ದು ಸತ್ತ ಕಣಿವೆಯಲ್ಲ.

ಈ ಕೆಲಸದಲ್ಲಿ ಹೈದರಾಬಾದಿಗೂ ಒಂದು ಪಾಲಿದೆ. ಭಾರತದ ಮೊದಲ ಅಂಟಾರ್ಕ್ಟಿಕಾ ತಂಡ 1981ರ ಡಿಸೆಂಬರ್‌ನಲ್ಲಿ ಗೋವಾದಿಂದ ಹೊರಟು 1982ರ ಜನವರಿಯಲ್ಲಿ ಅಲ್ಲಿ ಕಾಲಿಟ್ಟಿತು. 1983–84ರಲ್ಲಿ ಕಟ್ಟಿದ ದಕ್ಷಿಣ ಗಂಗೋತ್ರಿ ಹಿಮದಲ್ಲಿ ಹೂತುಹೋಯಿತು. ಮುಂದಿನ ನಿಲ್ದಾಣ ಮೈತ್ರಿಯನ್ನು ಶಿರ್ಮಾಕರ್ ಎಂಬ ಹಿಮವಿಲ್ಲದ ಬಂಡೆನೆಲದಲ್ಲಿ ಕಟ್ಟಿದರು. ಶಿರ್ಮಾಕರ್‌ನ ಮಣ್ಣಿನಿಂದ ಬೇರ್ಪಡಿಸಿದ ಬ್ಯಾಕ್ಟೀರಿಯಾವೊಂದನ್ನು 1992ರಲ್ಲಿ ಹೈದರಾಬಾದಿನ ಕೋಶೀಯ ಮತ್ತು ಆಣ್ವಿಕ ಜೀವವಿಜ್ಞಾನ ಕೇಂದ್ರದ ಎಸ್. ಶಿವಾಜಿ ಮತ್ತು ಸಂಗಡಿಗರು ಸ್ಫಿಂಗೋಬ್ಯಾಕ್ಟೀರಿಯಮ್ ಅಂಟಾರ್ಕ್ಟಿಕಸ್ ಎಂಬ ಹೊಸ ಜಾತಿಯಾಗಿ ವಿವರಿಸಿದರು. ಚಳಿಯಲ್ಲಿ ಜೀವಕೋಶದ ಪೊರೆ ಹೇಗೆ ಕೆಲಸ ಮಾಡುತ್ತದೆ ಎಂಬುದು ಆ ಕೇಂದ್ರ ಬಹುಕಾಲ ಬೆನ್ನುಹತ್ತಿದ ಪ್ರಶ್ನೆ. ದೆಹಲಿಯ ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆಯ ಬಾಟಲಿ ಕಲ್ಲಾಗುತ್ತದೆ, ಪಕ್ಕದಲ್ಲಿರುವ ಕಡಲೆಕಾಯಿ ಎಣ್ಣೆ ಹರಿಯುತ್ತಲೇ ಇರುತ್ತದೆ. ಕಾರಣ ಕೊಬ್ಬಿನ ಅಣುಗಳ ರಚನೆ. ಜೀವಕೋಶದ ಪೊರೆಯೂ ಕೊಬ್ಬಿನದೇ. ಅದು ಕೊಬ್ಬರಿ ಎಣ್ಣೆಯಂತೆ ಕಟ್ಟಿಕೊಂಡರೆ ಒಳಹೊರಗಿನ ಸಾಗಾಟ ನಿಂತು ಜೀವಿ ಸಾಯುತ್ತದೆ. ಚಳಿಯ ಬ್ಯಾಕ್ಟೀರಿಯಾಗಳು ಪೊರೆಯಲ್ಲಿ ಹರಿಯುವ ಬಗೆಯ ಕೊಬ್ಬನ್ನು ಹೆಚ್ಚಿಸಿಕೊಂಡು ಬದುಕುತ್ತವೆ.

ಇಲ್ಲಿಯವರೆಗೆ ಹಕ್ಕಿ, ಗಾಳಿ, ಹಿಮ. ಇನ್ನು ಮನುಷ್ಯ.

1954–55ರಲ್ಲಿ ಪರ್ಯಾಯ ದ್ವೀಪದ ಸಿಯೆರ್ವಾ ಪಾಯಿಂಟ್ ಎಂಬಲ್ಲಿ ಒಂದು ಪ್ರಯೋಗ ನಡೆಯಿತು. ದಕ್ಷಿಣ ಅಮೆರಿಕದ ನೊಥೊಫೇಗಸ್ ಮರದ ಸಸಿಗಳನ್ನು ಮಣ್ಣಿನ ಸಮೇತ ತಂದು ನೆಟ್ಟರು. ಮರಗಳು ಸತ್ತವು. ಮಣ್ಣಿನಲ್ಲಿ ಅಡಗಿ ಬಂದಿದ್ದ ಪೋವಾ ಪ್ರಟೆನ್ಸಿಸ್ ಎಂಬ ಹುಲ್ಲು ಬದುಕಿತು. ಕರೆದವರು ಹೋದರು, ಕರೆಯದವನು ಅರವತ್ತು ವರ್ಷ ಕೂತ. 2015ರ ಜನವರಿಯಲ್ಲಿ ಅದನ್ನು ಮಣ್ಣಿನ ಸಮೇತ ಅಗೆದು ತೆಗೆದರು. 1960ರ ದಶಕದಲ್ಲಿ ಸೈನಿ ದ್ವೀಪದಲ್ಲೂ ಇಂಥದೇ ನೆಡುವಿಕೆ ನಡೆದಿತ್ತು. ಗಿಡಗಳನ್ನು ಆಮೇಲೆ ತೆಗೆದರೂ, ಅವುಗಳೊಂದಿಗೆ ದಕ್ಷಿಣ ಜಾರ್ಜಿಯಾದಿಂದ ಬಂದ ರೆಕ್ಕೆಯಿಲ್ಲದ ಒಂದು ಪುಟ್ಟ ನೊಣ ಉಳಿಯಿತು. ಅದರ ಮರಿಗಳು ಹಾವಸೆಯ ಕೊಳೆತ ಪದರವನ್ನು ತಿಂದು ಮಣ್ಣಿನ ಸಾರಜನಕವನ್ನೇ ಹೆಚ್ಚಿಸುತ್ತಿವೆ. ನೊಣಕ್ಕೆ ಹಾರಲು ಬರುವುದಿಲ್ಲ, ಆದರೆ ಬೂಟಿನ ಅಟ್ಟೆಯ ಸಂದಿಯಲ್ಲಿ ಕೂರಲು ರೆಕ್ಕೆ ಏಕೆ ಬೇಕು?

ಎಲ್ಲಕ್ಕಿಂತ ಹಟಮಾರಿ ಪೋವಾ ಅನ್ಯುವಾ. ಪ್ರಪಂಚದ ಗಾಲ್ಫ್ ಮೈದಾನದ ಮಾಲಿಗಳಿಗೆಲ್ಲ ತಲೆನೋವಾದ ಸಾಮಾನ್ಯ ಕಳೆಹುಲ್ಲು. ಕಿಂಗ್ ಜಾರ್ಜ್ ದ್ವೀಪದಲ್ಲಿ ಪೋಲೆಂಡ್ ದೇಶ 1977ರಲ್ಲಿ ಆರ್ಕ್ಟೋವ್‌ಸ್ಕಿ ನಿಲ್ದಾಣ ಕಟ್ಟಿತು. 1985–86ರ ಬೇಸಿಗೆಯಲ್ಲಿ ಈ ಹುಲ್ಲು ನಿಲ್ದಾಣದ ಬಳಿ ಕಾಣಿಸಿಕೊಂಡಿತು. ಮೊದಲು ಕಟ್ಟಡಗಳ ಸುತ್ತ, ಜನ ಓಡಾಡುವ ಜಾಗದಲ್ಲಿ ಮಾತ್ರ ಇತ್ತು. ಸುಮಾರು ಇಪ್ಪತ್ತು ವರ್ಷ ಕಳೆದ ಮೇಲೆ ನಿಲ್ದಾಣದಿಂದ ಒಂದೂವರೆ ಕಿಲೋಮೀಟರ್ ದೂರದಲ್ಲಿ, ಇಕಾಲಜಿ ಎಂಬ ಹೆಸರಿನ ಹಿಮನದಿ ಆಗಷ್ಟೇ ಬಿಟ್ಟುಹೋದ ನೆಲದಲ್ಲಿ ಸಿಕ್ಕಿತು. ಯಾರೂ ಇಲ್ಲದ ಹೊಸ ಬಡಾವಣೆಯಲ್ಲಿ ಮೊದಲು ಸೈಟು ಹಿಡಿಯಲು ಡೆಶಾಂಪ್ಸಿಯಾ ಜೊತೆ ಪೋವಾ ಪೈಪೋಟಿಗಿಳಿದಿತ್ತು. ಎರಡನ್ನೂ ಒಟ್ಟಿಗೆ ಬೆಳೆಸಿ ನೋಡಿದ ಪ್ರಯೋಗಗಳಲ್ಲಿ ಪೋವಾದ ನೆರೆಯಲ್ಲಿ ಸ್ಥಳೀಯ ಗಿಡಗಳು ಸೊರಗಿದವು.

'ಸ್ಥಳೀಯ' ಎಂದು ಬರೆದೆ. ಊರು ಬಿಟ್ಟು ಬೇರೆ ಭಾಷೆಯ ಶಹರದಲ್ಲಿ ಬಾಡಿಗೆ ಕಟ್ಟುವ ನಮ್ಮಂಥವರಿಗೆ ಈ ಪದ ಕಿವಿಗೆ ಬಿದ್ದರೆ ಒಂದು ಕ್ಷಣ ಮೈ ಬಿಗಿಯುತ್ತದೆ. ಹುಲ್ಲಿನ ಮಾತನ್ನು ಮನುಷ್ಯರಿಗೆ ಅನ್ವಯಿಸುವುದು ನನಗೆ ಇಷ್ಟವಿಲ್ಲ. ಆ ದಾರಿಯಲ್ಲಿ ಹೋದವರು ಚರಿತ್ರೆಯಲ್ಲಿ ಎಲ್ಲಿಗೆ ಮುಟ್ಟಿದರು ಎಂಬುದು ಗೊತ್ತೇ ಇದೆ. ಹುಲ್ಲಿಗೇ ಸೀಮಿತವಾಗಿ ಕೇಳಿದರೂ ಪ್ರಶ್ನೆ ಸಣ್ಣದಲ್ಲ. ಡೆಶಾಂಪ್ಸಿಯಾ ಕೂಡ ಎಂದೋ ಕಡಲು ದಾಟಿ ಬಂದದ್ದು. ಪೋವಾ ಕೂಡ ಕಡಲು ದಾಟಿಯೇ ಬಂತು. ಹಾಗಾದರೆ ಒಂದು ಮನೆಮಗಳು, ಇನ್ನೊಂದು ಕಳೆ ಹೇಗಾಯಿತು?

ಉತ್ತರವನ್ನು ಕೊಟ್ಟದ್ದು ಕಾನೂನು. 1991ರ ಅಕ್ಟೋಬರ್ 4ರಂದು ಮ್ಯಾಡ್ರಿಡ್‌ನಲ್ಲಿ ಸಹಿಯಾಗಿ 1998ರ ಜನವರಿಯಲ್ಲಿ ಜಾರಿಗೆ ಬಂದ ಒಪ್ಪಂದ, ಪರವಾನಗಿ ಇಲ್ಲದೆ ಹೊರಗಿನ ಯಾವ ಜೀವಿಯನ್ನೂ ಅಂಟಾರ್ಕ್ಟಿಕಾಕ್ಕೆ ತರಬಾರದೆಂದಿತು. ಅಮುಂಡ್ಸನ್ ಕಾಲದಿಂದ ಬಂಡಿ ಎಳೆದ ನಾಯಿಗಳನ್ನೂ 1994ರ ಏಪ್ರಿಲ್ 1ರೊಳಗೆ ಹೊರಹಾಕಬೇಕಾಯಿತು. 2022ರ ಭಾರತದ ಅಂಟಾರ್ಕ್ಟಿಕ್ ಕಾಯ್ದೆಯಲ್ಲೂ ಇದೇ ನಿಯಮವಿದೆ. ಈ ಕಾನೂನುಗಳ ಹಿಂದಿನ ತರ್ಕ ಹೀಗೆ: ಹಕ್ಕಿಯ ಕಾಲಿನಲ್ಲಿ ಬಂದದ್ದು ಪ್ರಕೃತಿ, ಅದನ್ನು ಮುಟ್ಟಬೇಡಿ, ಮನುಷ್ಯನ ಬೂಟಿನಲ್ಲಿ ಬಂದದ್ದು ಅತಿಕ್ರಮಣ, ಅದನ್ನು ಕೀಳಿ. ಡಾರ್ವಿನ್ ಎಣಿಸಿದ ಕೆಸರು ಅದೇ, ಬದಲಾಗಿದ್ದು ಕೆಸರು ಮೆತ್ತಿದ ಕಾಲು ಮಾತ್ರ.

ಕೆಸರನ್ನು ಎಣಿಸುವವರೂ ಬದಲಾದರು. 2007–08ರಲ್ಲಿ ಅಂಟಾರ್ಕ್ಟಿಕಾಕ್ಕೆ ಹೊರಟವರ ಬಟ್ಟೆ, ಚೀಲ, ಬೂಟುಗಳನ್ನು ವಿಜ್ಞಾನಿಗಳು ವ್ಯಾಕ್ಯೂಮ್ ಕ್ಲೀನರ್ ಹಿಡಿದು ಹೀರಿಸಿ ನೋಡಿದರು. 2012ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಬೀಜ ಹೊತ್ತವರಲ್ಲಿ ಸರಾಸರಿ ಒಬ್ಬೊಬ್ಬರ ಬಳಿ 9.5 ಬೀಜ. ಆ ಒಂದು ಬೇಸಿಗೆಯಲ್ಲಿ ಒಟ್ಟು ಸುಮಾರು 70,000 ಬೀಜ. ಪ್ರವಾಸಿಗಳಿಗಿಂತ ತಲೆಗೆ ಹೆಚ್ಚು ಬೀಜ ಹೊತ್ತು ತಂದವರು ವಿಜ್ಞಾನಿಗಳು ಮತ್ತು ಅವರ ಸಹಾಯಕ ಸಿಬ್ಬಂದಿ. ಬೇರೆ ಬೆಟ್ಟಗುಡ್ಡ ಸುತ್ತಿದ ಅದೇ ಬೂಟು, ಅದೇ ಚೀಲ ತರುವುದು ಅವರೇ ತಾನೆ. ಆಮೇಲಿನ ವರ್ಷಗಳಲ್ಲಿ ಪ್ರವಾಸಿಗಳ ಸಂಖ್ಯೆ ಬೇಸಿಗೆಯೊಂದಕ್ಕೆ ಒಂದು ಲಕ್ಷ ದಾಟಿದೆ.

ಈ ಗೆರೆ ಕಾಗದದ ಮೇಲೆ ಕಂಡಷ್ಟು ಸ್ಪಷ್ಟವಾಗಿ ನೆಲದ ಮೇಲೆ ಕಾಣುವುದಿಲ್ಲ. 2009ರಲ್ಲಿ ಡಿಸೆಪ್ಷನ್ ದ್ವೀಪದ ವೇಲರ್ಸ್ ಬೇ ಎಂಬಲ್ಲಿ ದಕ್ಷಿಣ ಅಮೆರಿಕದ ತುದಿಯ ಎರಡು ಜಾತಿಯ ಗಿಡಗಳು ಕಾಣಿಸಿದವು. ಹಿಂದೆ ತಿಮಿಂಗಿಲ ಬೇಟೆಯ ಕಾರ್ಖಾನೆ ಇದ್ದ, ಈಗ ಪ್ರವಾಸಿ ಹಡಗುಗಳು ನಿಲ್ಲುವ ಜಾಗ ಅದು. ಹಕ್ಕಿಗಳೂ ಇಳಿಯುವ ಜಾಗ. ತಂದವರು ಯಾರು? ವಿಜ್ಞಾನಿಗಳು ಲೇಖನವನ್ನೇ ಬರೆದರು, ಶೀರ್ಷಿಕೆಯಲ್ಲೇ ಪ್ರಶ್ನೆ ಚಿಹ್ನೆ ಇಟ್ಟರು. ಖಚಿತ ಉತ್ತರ ಬರಲಿಲ್ಲ. ಮರುವರ್ಷ ಅವುಗಳಲ್ಲಿ ನಸಾವಿಯಾ ಎಂಬುದನ್ನು ಕಿತ್ತರು. ಅನುಮಾನವಿದ್ದಾಗ ಕಿತ್ತರೆ ಕ್ಷೇಮ ಎಂಬ ನಿರ್ಧಾರ. ಹಕ್ಕಿಯೇ ತಂದಿದ್ದರೆ ನೂರಾರು ವರ್ಷಕ್ಕೊಮ್ಮೆ ನಡೆಯುವ ಘಟನೆಯೊಂದನ್ನು ಕೈಯಾರೆ ಅಳಿಸಿದಂತಾಯಿತು. ಆದರೂ ಕಿತ್ತದ್ದು ಸರಿ ಎಂದೇ ನನಗೆ ಅನ್ನಿಸುತ್ತದೆ. ಬಿಟ್ಟ ಗಿಡವನ್ನು ಅರವತ್ತು ವರ್ಷದ ನಂತರ ಕೀಳುವುದು ಎಷ್ಟು ಕಷ್ಟ ಎಂದು ಸಿಯೆರ್ವಾ ತೋರಿಸಿದೆ.

ಈ ವಾದದ ನಡುವೆ ಹವಾಮಾನ ತನ್ನ ಪಾಡಿಗೆ ನೆಲದ ಷರತ್ತುಗಳನ್ನೇ ಬದಲಾಯಿಸುತ್ತಿದೆ. ಸೈನಿ ದ್ವೀಪದಲ್ಲಿ 1960ರಿಂದ ಎರಡೂ ಹೂಗಿಡಗಳ ಜನಗಣತಿ ನಡೆದಿದೆ. ಇಟಲಿಯ ನಿಕೊಲೆಟ್ಟಾ ಕನ್ನೋನೆ ಮತ್ತು ಸಂಗಡಿಗರು 2022ರಲ್ಲಿ ಕೊಟ್ಟ ಲೆಕ್ಕದಲ್ಲಿ, 2009ರಿಂದ 2018ರವರೆಗಿನ ಒಂಬತ್ತು ವರ್ಷಗಳಲ್ಲಿ ಡೆಶಾಂಪ್ಸಿಯಾ ಹಿಂದಿನ ಐವತ್ತು ವರ್ಷಗಳಲ್ಲಿ ಹರಡಿದಷ್ಟು ಹರಡಿತ್ತು. ಕೊಲೊಬ್ಯಾಂಥಸ್ ಅದಕ್ಕಿಂತ ವೇಗವಾಗಿ. ಮುಖ್ಯ ಕಾರಣ ಬೇಸಿಗೆಯ ಕಾವು ಏರಿದ್ದು. ಇನ್ನೊಂದು ಕಾರಣ ಸೀಲ್. ಏಟ್ಸ್ ಹೋದ ಕಾಲದಲ್ಲಿ ಚರ್ಮಕ್ಕಾಗಿ ನಿರ್ನಾಮದ ಅಂಚಿಗೆ ಬಂದಿದ್ದ ತುಪ್ಪುಳದ ಸೀಲ್‌ಗಳು ಇಪ್ಪತ್ತನೇ ಶತಮಾನದ ಕೊನೆಯಲ್ಲಿ ಸಾವಿರಗಟ್ಟಲೆ ಮರಳಿ ಬಂದು ಸೈನಿಯ ಹಸಿರನ್ನು ತುಳಿದು ಹಾಳು ಮಾಡಿದ್ದವು. ಈಗ ಅಲ್ಲಿ ಅವುಗಳ ಸಂಖ್ಯೆ ಇಳಿದಿದೆ. ಹಸಿರು ಹೆಚ್ಚಿದ್ದನ್ನು ಕಾವಿನ ತಲೆಗೇ ಪೂರ್ತಿ ಕಟ್ಟುವಂತಿಲ್ಲ ಎಂದು ಆ ಲೇಖಕರೇ ಎಚ್ಚರಿಸುತ್ತಾರೆ.

ಮೇಲಿನಿಂದ ನೋಡಿದವರ ಲೆಕ್ಕ ಇನ್ನೂ ದೊಡ್ಡದು. ಉಪಗ್ರಹ ಚಿತ್ರಗಳ ಪ್ರಕಾರ ಪರ್ಯಾಯ ದ್ವೀಪದಲ್ಲಿ 1986ರಲ್ಲಿ ಒಂದು ಚದರ ಕಿಲೋಮೀಟರಿಗೂ ಕಡಿಮೆ ಇದ್ದ ಹಸಿರು 2021ಕ್ಕೆ ಸುಮಾರು 12 ಚದರ ಕಿಲೋಮೀಟರ್ ಆಗಿತ್ತು. ಬಹುಪಾಲು ಹಾವಸೆ. 12 ಚದರ ಕಿಲೋಮೀಟರ್ ಎಂದರೆ ಒಂದು ಸಾಧಾರಣ ತಾಲ್ಲೂಕು ಪಟ್ಟಣದಷ್ಟು. ಅಂಥ ದೊಡ್ಡ ನೆಲದಲ್ಲಿ ಏನೂ ಅಲ್ಲ. ಆದರೆ ಹಾವಸೆ ಸತ್ತು ಕೊಳೆತರೆ ಮಣ್ಣು, ಮಣ್ಣಿದ್ದರೆ ಹುಲ್ಲಿಗೆ ಜಾಗ. ಯಾವ ಹುಲ್ಲಿಗೆ ಎಂಬುದೇ ಪ್ರಶ್ನೆ. ಬಿಸಿಯೇರಿಕೆ ತೀವ್ರವಾಗಿಯೇ ಮುಂದುವರಿದರೆ ಈ ಶತಮಾನದ ಅಂತ್ಯಕ್ಕೆ ಹಿಮವಿಲ್ಲದ ನೆಲ 17,000 ಚದರ ಕಿಲೋಮೀಟರಿಗೂ ಹೆಚ್ಚು ಬೆಳೆಯಬಹುದು, ಅಂದರೆ ಈಗಿರುವುದರ ಮೇಲೆ ಸುಮಾರು ಕಾಲು ಭಾಗ, ಎಂಬ ಅಂದಾಜು 2017ರಲ್ಲಿ ಬಂತು. ಅದರಲ್ಲಿ ಹೆಚ್ಚಿನ ಪಾಲು ಪರ್ಯಾಯ ದ್ವೀಪದಲ್ಲೇ. ಪ್ರವಾಸಿ ಹಡಗುಗಳೂ ಹೆಚ್ಚಿನ ನಿಲ್ದಾಣಗಳೂ ಇರುವುದು ಅಲ್ಲೇ.

ಮನುಷ್ಯನ ಹಂಗಿಲ್ಲದೆಯೂ ಬರುವವರಿದ್ದಾರೆ. 2017ರಲ್ಲಿ ಕಿಂಗ್ ಜಾರ್ಜ್ ದ್ವೀಪದ ದಡಕ್ಕೆ ತೇಲಿ ಬಂದ ದೊಡ್ಡ ಕಡಲಕಳೆಯ ವಂಶವಾಹಿ ಪರೀಕ್ಷಿಸಿದಾಗ, ಅದರಲ್ಲೊಂದು ಕೆರ್ಗೆಲೆನ್‌ನಿಂದ 20,000 ಕಿಲೋಮೀಟರಿನಷ್ಟು ದೂರ ಬಿರುಗಾಳಿಯ ಅಲೆಗಳ ಮೇಲೆ ಬಂದದ್ದೆಂದು ತಿಳಿಯಿತು. ಅಂಟಾರ್ಕ್ಟಿಕಾ ನಾವು ಅಂದುಕೊಂಡಷ್ಟು ಒಂಟಿಯಲ್ಲ. ಬರುವವರು ಹಿಂದೆಯೂ ಬರುತ್ತಿದ್ದರು, ಚಳಿಗೆ ಸಾಯುತ್ತಿದ್ದರು. ಈಗ ಬದುಕಿ ಉಳಿಯುವ ಸಾಧ್ಯತೆ ಹೆಚ್ಚುತ್ತಿದೆ.

ಸೂಕ್ಷ್ಮಜೀವಿಗಳ ವಿಷಯದಲ್ಲಂತೂ ಗೆರೆ ಎಳೆಯಲು ನೆಲವೇ ಇಲ್ಲ. ಬೂಟು ತೊಳೆಯಬಹುದು, ಚೀಲ ಹೀರಿಸಬಹುದು. ಉಸಿರನ್ನು, ಚರ್ಮವನ್ನು ತೊಳೆಯುವುದು ಹೇಗೆ? ಲೆಕ್ಕ ಉಲ್ಟಾ ಆದ ಪ್ರಸಂಗವೂ ಇದೆ. ಸ್ಕಾಟ್ ಮತ್ತು ಶ್ಯಾಕಲ್ಟನ್ ಕಟ್ಟಿಸಿದ ಮರದ ಗುಡಿಸಲುಗಳು ರಾಸ್ ದ್ವೀಪದಲ್ಲಿ ಇನ್ನೂ ನಿಂತಿವೆ. ಅವುಗಳ ಮರ ಮೆತ್ತಗಾಗಿ ಕೊಳೆಯುತ್ತಿತ್ತು. ಮರದ ಜೊತೆಗೇ ಯುರೋಪಿನಿಂದ ಬಂದ ಶಿಲೀಂಧ್ರದ ಕೆಲಸ ಇರಬಹುದೆಂದುಕೊಳ್ಳುವುದು ಸಹಜ. ರಾಬರ್ಟ್ ಬ್ಲಾಂಚೆಟ್ ಮತ್ತು ಸಂಗಡಿಗರು ಹುಡುಕಿದಾಗ ಕಂಡದ್ದು ಮುಖ್ಯವಾಗಿ ಕ್ಯಾಡೊಫೋರಾ ಎಂಬ ಶಿಲೀಂಧ್ರಗಳು. ಗುಡಿಸಲುಗಳಿಂದ ದೂರದ, ಮರವನ್ನೇ ಕಾಣದ ಮಣ್ಣಿನಲ್ಲೂ ಅವು ಇದ್ದವು. ಹಾಗಾಗಿ ಅವು ಅಲ್ಲಿಯವೇ ಎಂಬುದು ಅವರ ನಿಲುವು. ಕೋಟಿಗಟ್ಟಲೆ ವರ್ಷ ಮರವೇ ಇಲ್ಲದ ಖಂಡದಲ್ಲಿ, ಮರ ತಿನ್ನಬಲ್ಲವರು ಮಣ್ಣಿನಲ್ಲಿ ಬೇರೇನನ್ನೋ ತಿಂದುಕೊಂಡು ಇದ್ದರು. ಇಂಗ್ಲಿಷರ ಹಲಗೆ ಬಂದು ಇಳಿದಾಗ ಊಟಕ್ಕೆ ಕೂತರು.

ಆರ್ಕ್ಟೋವ್‌ಸ್ಕಿಯಲ್ಲಿ 2014–15ರಿಂದ ಪೋವಾ ಅನ್ಯುವಾವನ್ನು ಕೀಳುವ ಕೆಲಸ ವ್ಯವಸ್ಥಿತವಾಗಿ ಶುರುವಾಯಿತು. ಕಳೆನಾಶಕ ಸಿಂಪಡಿಸಿದರೆ ಪಕ್ಕದ ಹಾವಸೆ, ಡೆಶಾಂಪ್ಸಿಯಾ ಸಾಯುತ್ತವೆ. ಆದ್ದರಿಂದ ಕೈಯಿಂದಲೇ ಕೀಳಬೇಕು, ಬೇರು ಮಣ್ಣಿನ ಸಮೇತ. ಬೀಜಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತವೆ, ಆದ್ದರಿಂದ ಕಿತ್ತ ಜಾಗಕ್ಕೆ ಮುಂದಿನ ಬೇಸಿಗೆಯಲ್ಲೂ ಹೋಗಬೇಕು, ಅದರ ಮುಂದಿನ ಬೇಸಿಗೆಯಲ್ಲೂ. ಹಿಮನದಿ ಬಿಟ್ಟುಹೋದ ಕಲ್ಲುಪುಡಿಯ ಮೇಲೆ ಎರಡು ಹುಲ್ಲುಗಳೂ ಪಕ್ಕಪಕ್ಕದಲ್ಲೇ ಗುತ್ತಿಯಾಗಿ ಬೆಳೆದಿರುತ್ತವೆ. ನಿಂತು ನೋಡಿದರೆ ಎರಡೂ ಒಂದೇ ಹಸಿರು. ಮಂಡಿಯೂರಿ, ಕೈಗವಸಿನಲ್ಲಿ ಎಲೆ ಹಿಡಿದು ತುದಿಯನ್ನು ನೋಡಬೇಕು. ಮಡಿಸಿದ ಸೂಜಿಯಂತಿದ್ದರೆ ಡೆಶಾಂಪ್ಸಿಯಾ, ದೋಣಿಯ ಮೂತಿಯಂತಿದ್ದರೆ ಪೋವಾ.